ಕರೆಂಟು ನಡುವೆ ಬಿಡಬೇಡಿ



ನನ್ನ ಓರಗಿತ್ತಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಂದು ತಿಳಿದಾಗ ಡಾಕ್ಟರು ವಿಕಿರಣ ಚಿಕಿತ್ಸೆ ಹೇಳಿದರು. ನಮ್ಮ ಕಡೆ ಅದಕ್ಕೆ 'ಕರೆಂಟು ಕೊಡೋದು' ಅಂತಾರೆ. "ಅಕ್ಕಾ, ಶಾಕ್ ಹೊಡೆಯುತ್ತಾ?" ಎಂದು ಅವಳು ನಡುಗಿದಳು. ಇಲ್ಲ ಕಣ್ರೀ, ಅದು ವಿದ್ಯುತ್ ಅಲ್ಲ. ಎಕ್ಸ್‌ರೇ ಥರದ್ದೇ, ಆದರೆ ಇನ್ನೂ ಬಲವಾದ ಕಿರಣ. ಕೊಡುವಾಗ ನೋವಿರುವುದಿಲ್ಲ.

ನಮ್ಮ ಜೀವಕೋಶಗಳೊಳಗೆ ಡಿಎನ್‌ಎ ಎಂಬ ಎಳೆಯಿದೆ. ಕಿರಣ ಅದನ್ನು ಕಡಿಯುತ್ತದೆ. ಒಳ್ಳೆಯ ಕೋಶಕ್ಕೂ ಪೆಟ್ಟು ಬೀಳುತ್ತದೆ, ಆದರೆ ಅದು ಹರಿದದ್ದನ್ನು ಹೊಲಿದುಕೊಳ್ಳುತ್ತದೆ. ಕ್ಯಾನ್ಸರ್ ಕೋಶಕ್ಕೆ ಆ ಜಾಣತನ ಕಡಿಮೆ. ಒಡೆದು ಎರಡಾಗಲು ಹೋಗಿ ಸಾಯುತ್ತದೆ. ಅದಕ್ಕೇ ಒಂದೇ ಸಲ ಕೊಡದೆ, ವಾರಕ್ಕೆ 5 ದಿನದಂತೆ ಸುಮಾರು 5 ವಾರ ಸ್ವಲ್ಪಸ್ವಲ್ಪವೇ ಕೊಡೋದು. ಈ ಕಾಯಿಲೆಗೆ ಆಮೇಲೆ ಒಳಗಿನಿಂದಲೂ ಕೊಡುತ್ತಾರೆ.

13ನೇ ದಿನ ಅವಳಿಗೆ ಭೇದಿ, ಸುಸ್ತು. "ಸಾಕಕ್ಕ, ಗೌರಿಹಬ್ಬಕ್ಕೆ ತವರಿಗೆ ಹೋಗಿ ಆಮೇಲೆ ಬರ್ತೀನಿ" ಅಂದಳು. ನಡುವೆ ಬಿಟ್ಟರೆ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯುತ್ತವೆ ಎಂದು ಡಾಕ್ಟರು ತಿಳಿಹೇಳಿ, ಭೇದಿಗೆ ಮಾತ್ರೆ ಕೊಟ್ಟರು. ಆ ವರ್ಷ ತವರಿನ ಬಾಗಿನ ಆಸ್ಪತ್ರೆಗೇ ಬಂತು!

ನೆನಪಿಡಿ: ಮೈಮೇಲೆ ಹಾಕಿದ ಗುರುತು ಉಜ್ಜಿ ತೊಳೆಯಬೇಡಿ. ಆ ಜಾಗಕ್ಕೆ ಕೇಳದೆ ಎಣ್ಣೆ, ಅರಿಶಿನ ಹಚ್ಚಬೇಡಿ. ಸಡಿಲವಾದ ಹತ್ತಿಬಟ್ಟೆ ಉಡಿ.

ಇನ್ನೊಂದು ಮಾತು. ಹೊರಗಿನಿಂದ ಕೊಟ್ಟ ಕಿರಣ ಮೈಯಲ್ಲಿ ಉಳಿಯುವುದಿಲ್ಲ, ಬೇರೆಯವರಿಗೆ ತಗಲುವುದೂ ಇಲ್ಲ. ಅಂಥವರ ತಟ್ಟೆ, ಹಾಸಿಗೆ ದೂರ ಇಡಬೇಡಿ. ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲಿ ಬಿಡಿ. ನಮ್ಮವಳು ಸಂಜೆಸಂಜೆಯೂ ಕೂರಿಸಿಕೊಂಡಳು. ಒಂದು ದಿನವೂ ತಪ್ಪಿಸದೆ ಚಿಕಿತ್ಸೆ ಮುಗಿಸಿದಳು.