ರೂಮು ಖಾಲಿ ಇಲ್ಲ

2023ರ ಡಿಸೆಂಬರಿನಲ್ಲಿ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನು ಮಾಡಿದಳು. ಪರದೇಶದಲ್ಲಿ ನೌಕರಿ ಮಾಡುವ ಹುಡುಗಿ. ಅಲ್ಲಿ ತನ್ನೊಡನೆ ಬಾಳುತ್ತಿರುವ ಗೆಳತಿಗೆ ಬಾದಾಮಿ, ಸವದತ್ತಿ ತೋರಿಸಲು ಕರೆತಂದಿದ್ದಳು. "ಅಕ್ಕೋರ, ಎರಡು ಲಾಡ್ಜಿನ್ಯಾಗ ರೂಮು ಖಾಲಿ ಇಲ್ಲ ಅಂದ್ರು. ನಿಮ್ಮಿಬ್ಬರ ಸಂಬಂಧ ಏನಂತ ಕೇಳಿದ್ರು. ನಾ ಸುಳ್ಳು ಹೇಳ್ಲಿಲ್ರಿ."

ಸುಳ್ಳು ಹೇಳಬಾರದೆಂದು ಅವಳಿಗೆ ಕಲಿಸಿದವಳು ನಾನೇ. ಆದರೂ "ನಮ್ಮ ಮನಿಗೆ ಬಾರವ್ವಾ" ಎಂಬ ಮಾತು ನನ್ನ ಬಾಯಿಂದ ತಟ್ಟನೆ ಬರಲಿಲ್ಲ. ಅತ್ತೆ, ನಮ್ಮವರು, ಓಣಿಯ ಮಂದಿ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಅಷ್ಟರಲ್ಲಿ ಅವಳಿಗೆ ತಿಳಿದುಹೋಯಿತು. "ಇರ್ಲಿ ಬಿಡ್ರಿ ಅಕ್ಕೋರ, ಹುಬ್ಬಳ್ಳಿಗೆ ಹೋಗ್ತೇವಿ" ಎಂದಳು.

ಮರುದಿನ ಸ್ಟಾಫ್ ರೂಮಿನಲ್ಲಿ ಹೇಳಿದೆ. ಒಬ್ಬರು ನಕ್ಕರು. "ಇಂಥವರಿಗಂತನ ಏಷ್ಯಾ ಪ್ರವಾಸದ ಗೈಡು ಇರ್ತಾವಂತ. ಯಾವ ಊರಾಗ ಇಳೀಬಹುದು, ಎಲ್ಲಿ ಪೊಲೀಸರ ಅಂಜಿಕಿ, ಎಲ್ಲಾ ಬರದಿರ್ತಾರಂತ. ಇವರಿಗ್ಯಾಕ ಬ್ಯಾರೆ ಪುಸ್ತಕ?"

ಬಾಗಿಲು ತೆರೆದಿದ್ದರೆ ಯಾರಿಗೆ ಬೇಕಿತ್ತು ಆ ಪುಸ್ತಕ? ಅಮೆರಿಕದಲ್ಲಿ ಕರಿಯರಿಗೆ ಎಲ್ಲಿ ಊಟ ಸಿಗುತ್ತದೆ, ಎಲ್ಲಿ ಹಾಸಿಗೆ ಸಿಗುತ್ತದೆ ಎಂದು ತಿಳಿಸಲು 1936ರಿಂದ 'ಗ್ರೀನ್ ಬುಕ್' ಅಚ್ಚಾಗುತ್ತಿತ್ತು. ನಮ್ಮಲ್ಲಿಯೇ, 1917ರಲ್ಲಿ, ಪರದೇಶದಲ್ಲಿ ಓದಿಬಂದ ಅಂಬೇಡ್ಕರರು ಬರೋಡಾದ ಪಾರ್ಸಿ ವಸತಿಗೃಹದಲ್ಲಿ ಹೆಸರು ಮರೆಸಿ ಇರಬೇಕಾಯಿತು. ಗುಟ್ಟು ತಿಳಿದಾಗ ಕೋಲು ಹಿಡಿದು ಬಂದು ಹೊರಗಟ್ಟಿದರು. ಆ ನೋವೂ ಈ ನೋವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಬಾಗಿಲಲ್ಲಿ ನಿಂತು "ನೀನು ಯಾರು?" ಎಂದು ಕೇಳುವ ದನಿ ಒಂದೇ.

ಆ ದನಿಯನ್ನು ನಾವೂ ಕೇಳಿಲ್ಲವೇ, ಅಕ್ಕಂದಿರೇ? ಪರೀಕ್ಷೆಯ ಮೌಲ್ಯಮಾಪನಕ್ಕೆಂದು ನಾವು ಇಬ್ಬರು ಶಿಕ್ಷಕಿಯರು ಪರ ಊರಿಗೆ ಹೋದಾಗ ಲಾಡ್ಜಿನವನು, "ಜೋಡಿ ಗಂಡಸ್ರು ಯಾರೂ ಇಲ್ಲೇನ್ರಿ?" ಎಂದಿದ್ದ. ನಮ್ಮ ಕಣ್ಣೆದುರೇ ಇಬ್ಬರು ಗಂಡಸರಿಗೆ ಒಂದು ಮಾತೂ ಕೇಳದೆ ಕೀಲಿ ಕೊಟ್ಟ.

ಇದು ನಮ್ಮ ಸಂಸ್ಕೃತಿಯಲ್ಲ, ಪರದೇಶದ ರೋಗ ಎನ್ನುತ್ತಾರೆ. ಪರದೇಶದಿಂದ ಬಂದದ್ದು ಸಲಿಂಗಪ್ರೇಮವಲ್ಲ, ಅದನ್ನು ಅಪರಾಧವೆಂದ ಕಾನೂನು. 377ನೆಯ ಕಲಮು ಬ್ರಿಟಿಷರು 1860ರಲ್ಲಿ ಮಾಡಿದ ದಂಡಸಂಹಿತೆಯದು. ಒಪ್ಪಿ ಕೂಡಿದ ವಯಸ್ಕರಿಗೆ ಅದು ಅನ್ವಯಿಸದೆಂದು 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. 2024ರ ಜುಲೈನಿಂದ ಜಾರಿಯಾದ ಹೊಸ ಸಂಹಿತೆಯಲ್ಲಿ ಆ ಕಲಮೇ ಇಲ್ಲ.

ನಮ್ಮದೇ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ನೋಡಿರಿ. ಸೀರೆಯುಟ್ಟು, ತಲೆಯ ಮೇಲೆ ಕೊಡ ಹೊತ್ತು ಬರುವ ಜೋಗಪ್ಪನ ಕಾಲಿಗೆ ನಾವು ಬೀಳುತ್ತೇವೆ. ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಹೆಮ್ಮೆಪಟ್ಟೆವು. ಜೋಗಪ್ಪನ ಬದುಕೂ ಸಲಿಂಗಪ್ರೇಮಿಯ ಬದುಕೂ ಬೇರೆ ಬೇರೆ, ನಿಜ. ಆದರೆ ಗಂಡು ಹೀಗೆಯೇ, ಹೆಣ್ಣು ಹೀಗೆಯೇ ಇರಬೇಕೆಂಬ ಗೆರೆಯನ್ನು ನಮ್ಮ ದೇವಿಯೇ ದಾಟಿರುವಾಗ ನಾವೇಕೆ ಕಾವಲು ನಿಲ್ಲಬೇಕು?

ಇಂಥವರ ಮದುವೆಗೆ ಮನ್ನಣೆ ಕೊಡಲು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲವಲ್ಲ ಎಂದು ವಾದಿಸುವವರಿದ್ದಾರೆ. ತೈವಾನ್ 2019ರಲ್ಲಿ ಕೊಟ್ಟಿತು, ಥಾಯ್ಲೆಂಡ್ 2025ರಲ್ಲಿ ಕೊಟ್ಟಿತು, ನಾವು ಕೊಟ್ಟಿಲ್ಲ. ಆದರೆ ನನ್ನ ಹುಡುಗಿ ಲಾಡ್ಜಿನವನಿಗೆ ಅಕ್ಷತೆ ಹಾಕೆಂದು ಕೇಳಿರಲಿಲ್ಲ. ಒಂದು ರಾತ್ರಿಯ ಮಟ್ಟಿಗೆ ಬಾಡಿಗೆ ಕೊಟ್ಟು ಎರಡು ಹಾಸಿಗೆ ಕೇಳಿದ್ದಳು. ಪ್ರಾಯಕ್ಕೆ ಬಂದ ಇಬ್ಬರು ಒಂದು ಕೋಣೆಯಲ್ಲಿ ಇಳಿಯುವುದು ಅಪರಾಧವಲ್ಲ. ಗುರುತಿನ ಚೀಟಿ ನೋಡಲಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳಲಿ. ಅದರಾಚೆಯ ಪ್ರಶ್ನೆ ಅವರಿಗೇಕೆ?

ಲಾಡ್ಜಿನವನನ್ನು ಬೈದು ನಾನು ಕೈ ತೊಳೆದುಕೊಳ್ಳಲಾರೆ. ಅವನು "ರೂಮು ಖಾಲಿ ಇಲ್ಲ" ಎಂದು ಬಾಯಿಬಿಟ್ಟು ಅಂದ, ನಾನು ಸುಮ್ಮನಿದ್ದು ಅದನ್ನೇ ಅಂದೆ. ಆಮೇಲೆ ಅವಳಿಗೆ ತಪ್ಪಾಯಿತೆಂದು ಪತ್ರ ಬರೆದೆ. ಮಾಳಿಗೆಯ ಕೋಣೆ ಬಳಿದು ಇಟ್ಟಿದ್ದೇನೆ, ಇಬ್ಬರೂ ಬನ್ನಿರಿ ಎಂದು ಕರೆದೆ. ಅತ್ತೆಗೂ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹುಡುಗಿ ರೊಟ್ಟಿ ತಿಂತಾಳೇನು?" ಎಂದಷ್ಟೇ ಕೇಳಿದರು.

ಅವರು ಇನ್ನೂ ಬಂದಿಲ್ಲ. ಆ ಗೈಡುಗಳಲ್ಲಿ ನಮ್ಮ ರಾಮದುರ್ಗದ ಬಗ್ಗೆ ಯಾರಾದರೂ ಒಂದು ಸಾಲು ಬರೆದರೆ ಏನು ಬರೆದಾರು ಎಂದು ಆಗಾಗ ಯೋಚಿಸುತ್ತೇನೆ. ಆ ಸಾಲನ್ನು ಬರೆಸುವವರು ಲಾಡ್ಜಿನವರಷ್ಟೇ ಅಲ್ಲ, ನಾವೂ ಹೌದು.