ಹೊಲಿಗೆಯಲ್ಲಿ ಉಳಿದ ಚರಿತ್ರೆ

ಚರಿತ್ರೆಯೆಂದೊಡನೆ ನಮ್ಮ ಕಣ್ಣೆದುರು ಸುಳಿಯುವುದು ಶಾಸನ, ತಾಮ್ರಪಟ, ಕೋಟೆ ಕೊತ್ತಲಗಳು. ಇವು ಬಹುಮಟ್ಟಿಗೆ ಆಳಿದವರು ಬಿಟ್ಟುಹೋದ ಕುರುಹುಗಳು. ಲೇಖನಿ ಹಿಡಿಯುವ ಅವಕಾಶವೇ ಇಲ್ಲದವರು ತಮ್ಮ ಬಾಳನ್ನು ಎಲ್ಲಿ ಬರೆದಿಟ್ಟರು? ಅಮೆರಿಕದ ಮಟ್ಟಿಗೆ ಈ ಪ್ರಶ್ನೆಗೆ ಒಂದು ಉತ್ತರ ಅಲ್ಲಿನ ಹೊದಿಕೆಗಳಲ್ಲಿದೆ.

ಬಟ್ಟೆಯ ತುಂಡುಗಳನ್ನು ಜೋಡಿಸಿ ಮೇಲುಪದರವನ್ನು ಮಾಡಿ, ಅದಕ್ಕೂ ಅಡಿಯ ಬಟ್ಟೆಗೂ ನಡುವೆ ಹತ್ತಿಯನ್ನು ಹರಡಿ, ಮೂರು ಪದರಗಳೂ ಒಂದಾಗುವಂತೆ ಹೊಲಿದ ಹೊದಿಕೆಗೆ ಅಲ್ಲಿ ಕ್ವಿಲ್ಟ್ ಎಂದು ಹೆಸರು. ನಮ್ಮ ಉತ್ತರ ಕರ್ನಾಟಕದ ಕೌದಿಯನ್ನು ಕಂಡವರಿಗೆ ಅದು ಅಪರಿಚಿತವೆನಿಸದು. ತಾಯಿಯಿಂದ ಮಗಳಿಗೆ ಬಂದ ಈ ಕಸುಬು ಚಳಿಯನ್ನು ಕಳೆಯುವುದಕ್ಕಷ್ಟೇ ಸೀಮಿತವಾಗಲಿಲ್ಲ. ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಊರಿನ ಮಿಸೌರಿ ಪೆಟ್‌ವೇ 1942ರಲ್ಲಿ, ತೀರಿಕೊಂಡ ಗಂಡನು ದುಡಿಯುವಾಗ ತೊಡುತ್ತಿದ್ದ ಬಟ್ಟೆಗಳನ್ನೇ ಕತ್ತರಿಸಿ ಹೊದಿಕೆಯೊಂದನ್ನು ಹೊಲಿದಳು. ಅದರಲ್ಲಿ ಒಂದು ಕುಟುಂಬದ ದುಃಖವಿದೆ. ಒಂದು ಜನಾಂಗದ ದುಡಿಮೆಯ ಕಥೆಯೂ ಇದೆ.

ಹ್ಯಾರಿಯೆಟ್ ಪವರ್ಸ್ 1837ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಗುಲಾಮಳಾಗಿ ಹುಟ್ಟಿದವಳು. ಬೈಬಲಿನ ಕಥೆಗಳನ್ನು 11 ಚೌಕಗಳಲ್ಲಿ ಚಿತ್ರಿಸಿ ಆಕೆ ಹೊಲಿದ ಹೊದಿಕೆಯನ್ನು 1886ರ ಮೇಳವೊಂದರಲ್ಲಿ ಕಂಡ ಜೆನ್ನಿ ಸ್ಮಿತ್ ಎಂಬ ಚಿತ್ರಕಲಾ ಶಿಕ್ಷಕಿ ಅದನ್ನು ಕೊಳ್ಳಬಯಸಿದಳು. ಪವರ್ಸ್ ಒಪ್ಪಲಿಲ್ಲ. ಕೆಲವು ವರ್ಷಗಳ ಮೇಲೆ ಬಡತನ ಬಿಗಿದಾಗ, 10 ಡಾಲರು ಕೇಳಿ 5 ಡಾಲರಿಗೆ ಕೊಡಬೇಕಾಯಿತು. ಆಗ ಆಕೆ ಒಂದೊಂದು ಚೌಕದ ಅರ್ಥವನ್ನೂ ವಿವರಿಸಿದಳು. ಸ್ಮಿತ್ ಅದನ್ನು ಬರೆದಿಟ್ಟುಕೊಂಡಳು. ಇಂದು ಆ ಹೊದಿಕೆ ಅಮೆರಿಕದ ರಾಷ್ಟ್ರೀಯ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿದೆ. ಪವರ್ಸಳ ಇನ್ನೊಂದು ಹೊದಿಕೆಯಲ್ಲಿ 1833ರ ಉಲ್ಕೆಗಳ ಸುರಿಮಳೆಯ ಚಿತ್ರವಿದೆ. ಆ ರಾತ್ರಿ ಆಕೆ ಇನ್ನೂ ಹುಟ್ಟಿರಲಿಲ್ಲ. ಹಿರಿಯರು ಹೇಳಿದ್ದು ಆಕೆಯ ಸೂಜಿಯ ಮೂಲಕ ನಮ್ಮವರೆಗೆ ಬಂದಿದೆ.

ಹೊದಿಕೆ ಹೊದೆಯುವುದಕ್ಕಲ್ಲದೆ ಓದುವುದಕ್ಕೇನು ಎಂದು ಕೆಲವರು ಕೇಳಬಹುದು. ಬಟ್ಟೆಯು ತಾನಾಗಿ ಮಾತನಾಡುವುದಿಲ್ಲವೆಂಬುದು ನಿಜ. ಓಡಿಹೋಗುವ ಗುಲಾಮರಿಗೆ ಹೊದಿಕೆಗಳ ವಿನ್ಯಾಸಗಳೇ ದಾರಿ ತೋರುವ ಗುಟ್ಟಿನ ಸಂಕೇತಗಳಾಗಿದ್ದುವೆಂಬ ಮಾತು ಅಮೆರಿಕದಲ್ಲಿ ಬಹಳ ಪ್ರಚಲಿತವಾಗಿದೆ. ಆದರೆ ಅದಕ್ಕೆ ಆ ಕಾಲದ ಆಧಾರಗಳಿಲ್ಲವೆಂಬುದು ಬಹುಪಾಲು ಚರಿತ್ರಕಾರರ ಮತ. ಕೇಳಿ ಬರೆದಿಡದ ಕಡೆ ಕಲ್ಪನೆಯು ಸತ್ಯದ ಪೀಠವನ್ನೇರುತ್ತದೆ. ಪವರ್ಸಳ ಹೊದಿಕೆಯ ಅರ್ಥ ಇಂದಿಗೂ ಉಳಿದಿರುವುದು ಆಕೆ ಹೇಳಿದ್ದರಿಂದ ಮಾತ್ರವಲ್ಲ, ಕೇಳಿ ಬರೆದುಕೊಂಡವರೊಬ್ಬರು ಇದ್ದುದರಿಂದ. ಆದುದರಿಂದ ಹೊದಿಕೆಯನ್ನು ಕಾಪಾಡಿದರೆ ಸಾಲದು, ಅದರ ಮಾತನ್ನೂ ಕಾಪಾಡಬೇಕೆಂಬುದು ನನ್ನ ಅಭಿಪ್ರಾಯ.

ನಿಮ್ಮ ಮನೆಯಲ್ಲಿಯೂ ಹಳೆಯ ಕೌದಿಯೊಂದು ಮಡಿಚಿಟ್ಟಿರಬಹುದು. ಬಣ್ಣ ಮಾಸಿತೆಂದು ಅದನ್ನು ಮೂಲೆಗೆ ಎಸೆಯುವ ಮುನ್ನ ಅಜ್ಜಿಯ ಬಳಿ ಕುಳಿತು, ಈ ತುಂಡು ಯಾರ ಸೀರೆಯದು, ಇದು ಯಾರ ಅಂಗಿಯದು ಎಂದು ಕೇಳಿರಿ. ಆಕೆ ಹೇಳಿದ್ದನ್ನು ಬರೆದಿಡಿರಿ. ಆ ಉತ್ತರವನ್ನು ಬಲ್ಲವರು ಬಹುಕಾಲ ನಮ್ಮೊಡನೆ ಇರಲಾರರು.