ಕಣ್ಣಿಗೆ ಕಾಣದ ಲಿಪಿಕಾರ

ವಿಜ್ಞಾನದ ವಿಷಯವನ್ನು ಕುರಿತು ಕನ್ನಡ ಪಂಡಿತನೊಬ್ಬನು ಲೇಖನಿ ಹಿಡಿಯುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರೀತು. ಆದರೆ ಪ್ರತಿ ಎತ್ತುವ ವಿದ್ಯೆ ನಮ್ಮ ಮನೆಯದೇ. ಶರಣರ ವಚನಗಳು ನಮ್ಮ ಕೈಸೇರಿದುದು ಓಲೆಗರಿಯಿಂದ ಓಲೆಗರಿಗೆ ಪ್ರತಿ ಎತ್ತಿದ ಅಜ್ಞಾತ ಲಿಪಿಕಾರರಿಂದ. ಒಬ್ಬನ ಕೈತಪ್ಪು ಮುಂದಿನ ಪ್ರತಿಗಳಲ್ಲೆಲ್ಲ ಪಾಠವಾಗಿ ನಿಲ್ಲುವುದನ್ನು ಗ್ರಂಥಸಂಪಾದಕರು ಬಲ್ಲರು. ಜೀವಕೋಶವೂ ಎರಡಾಗುವ ಮುನ್ನ ತನ್ನ ಡಿ.ಎನ್.ಎ. ಎಂಬ ಗ್ರಂಥವನ್ನು ಹೀಗೆಯೇ ಪ್ರತಿ ಎತ್ತುತ್ತದೆ. ಮಾನವಕೋಶದಲ್ಲಿ ಆ ಗ್ರಂಥದ ಅಕ್ಷರಜೋಡಿಗಳು ಸುಮಾರು 600 ಕೋಟಿ!

ಸಿರುಗುಪ್ಪ, ಕುರುಗೋಡುಗಳಿಂದ ಬಳ್ಳಾರಿಗೆ ಓದಲು ಬರುವ ಮಕ್ಕಳು ಇಷ್ಟನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುತ್ತಾರೆ. ಅದನ್ನು ಕಂಡವರಾರು, ಹೇಗೆ ಕಂಡರು ಎಂದು ಕೇಳಿದರೆ ಮೌನ. ಫಲವನ್ನು ಕಂಠಪಾಠ ಮಾಡಿಸಿ ಮಾರ್ಗವನ್ನು ಬಚ್ಚಿಡುವ ಈ ಬೋಧನಕ್ರಮವೇ ನನ್ನ ಆಕ್ಷೇಪಣೆಯ ವಿಷಯ.

1963ರಲ್ಲಿ ಜಾನ್ ಕೇರ್ನ್ಸ್ ಎಂಬ ವಿಜ್ಞಾನಿ ಬ್ಯಾಕ್ಟೀರಿಯಗಳಿಗೆ ವಿಕಿರಣಶೀಲ ಥೈಮಿಡಿನ್ ಉಣಿಸಿ, ಅವುಗಳ ಡಿ.ಎನ್.ಎ.ಯನ್ನು ಛಾಯಾಚಿತ್ರದ ಲೇಪದಡಿ ಸುಮಾರು ಎರಡು ತಿಂಗಳು ಕತ್ತಲೆಯಲ್ಲಿರಿಸಿದನು. ಎಳೆ ತನ್ನ ಚಿತ್ರವನ್ನು ತಾನೇ ಬರೆದುಕೊಂಡಿತು: ಒಂದು ಮಿಲಿಮೀಟರಿಗೂ ಮಿಗಿಲಾದ ಉಂಗುರ, ನಡುವೆ ಕವಲು. ಕುರುಗೋಡಿನ ಸಿಂದರ ಶಾಸನಗಳ ಸವೆದ ಅಕ್ಷರ ಒದ್ದೆಕಾಗದದ ಮಸಿಯಚ್ಚಿನಲ್ಲಿ ಮೂಡುವುದನ್ನು ಬಲ್ಲವರಿಗೆ ಈ ಯುಕ್ತಿ ಪರಕೀಯವೆನಿಸದು.

ಇಂದಿನ ವಿಧಾನ ಇನ್ನೂ ಸೊಗಸು. ಲಿಪಿಕಾರನಿಗೆ ಮೊದಲು ಕೆಂಪು ಮಸಿಯನ್ನೂ, ಇಪ್ಪತ್ತು ನಿಮಿಷ ಕಳೆದ ಮೇಲೆ ಹಸುರು ಮಸಿಯನ್ನೂ ಕೊಟ್ಟಂತೆ, ಕೋಶಕ್ಕೆ ಥೈಮಿಡಿನ್ನನ್ನು ಹೋಲುವ ಎರಡು ವಸ್ತುಗಳನ್ನು ಒಂದಾದ ಮೇಲೊಂದು ಉಣಿಸುತ್ತಾರೆ. ಬಳಿಕ ಕೋಶವನ್ನು ಗಾಜಿನ ಪಟ್ಟಿಯ ಮೇಲೆ ಒಡೆದು, ಪಟ್ಟಿಯನ್ನು ಓರೆಯಾಗಿಸಿದರೆ, ಹರಿಯುವ ದ್ರವದೊಡನೆ ಎಳೆಗಳು ನೀಳವಾಗಿ ಹಾಸಿಕೊಳ್ಳುತ್ತವೆ. ಆ ವಸ್ತುಗಳನ್ನು ಗುರುತಿಸುವ ಪ್ರತಿಕಾಯಗಳಿಗೆ ಹೊಳೆವ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪಿನ ಮುಂದೆ ಹಸುರು. ಬರೆವಣಿಗೆ ಯಾವ ಕಡೆಗೆ ಸಾಗಿತೆಂಬುದು ಬಣ್ಣದ ಕ್ರಮದಿಂದಲೂ, ಎಷ್ಟು ಬೇಗ ಸಾಗಿತೆಂಬುದು ಗೆರೆಯ ಉದ್ದದಿಂದಲೂ ತಿಳಿಯುತ್ತದೆ. ಮಾನವಕೋಶದಲ್ಲಿ ಈ ವೇಗ ನಿಮಿಷಕ್ಕೆ ಒಂದೆರಡು ಸಾವಿರ ಅಕ್ಷರ. ಹಸುರು ಗಿಡ್ಡವಾಗಿದ್ದರೆ ಲೇಖನಿಗೆ ತಡೆ ಬಿದ್ದಿದೆಯೆಂದೇ ಅರ್ಥ.

ಇದು ದೂರದ ದೇಶದ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಗಣೇಶ್ ನಾಗರಾಜು ಅವರ ತಂಡವು ಈ ವಿಧಾನವನ್ನೇ ಬಳಸಿ, ತಡೆಬಿದ್ದ ಕವಲಿನಲ್ಲಿ ಹೊಸ ಎಳೆ ಸವೆದುಹೋಗದಂತೆ ರಾಡ್-51ರ ದಾಯಾದಿ ಪ್ರೋಟೀನುಗಳು ಕಾಯುವುದನ್ನು 2015ರಲ್ಲಿ ಪ್ರಕಟಿಸಿತು. ಈ ಬಳಗದ ಕೆಲವು ಜೀನುಗಳಲ್ಲಿನ ದೋಷದಿಂದ ಅಂಡಾಶಯದ ಕ್ಯಾನ್ಸರಿನ ಭಯ ಹೆಚ್ಚುತ್ತದೆ. ಎಳೆಯ ಉದ್ದವನ್ನಳೆಯುವುದು ಪಂಡಿತರ ವಿನೋದವಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇದನ್ನು ಕನ್ನಡದಲ್ಲಿ ಹೇಳಲಾಗದೆಂಬವರಿಗೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಸಾಕಷ್ಟು ಉತ್ತರ. ಇದೆಲ್ಲ ನಮ್ಮ ಪೂರ್ವಿಕರಿಗೆ ತಿಳಿದಿತ್ತೆಂದು ವೇದಿಕೆಯಲ್ಲಿ ಗುಡುಗುವವರೂ ಉಂಟು. ಅವರಿಂದ ಮಕ್ಕಳ ಕುತೂಹಲಕ್ಕೆ ಆಗುವ ಹಾನಿ ಮೊದಲಿನವರದಕ್ಕಿಂತ ಹೆಚ್ಚೆಂದೇ ನನ್ನ ಎಣಿಕೆ.

ಅಂಥ ಪ್ರಯೋಗಶಾಲೆಯನ್ನು ಪ್ರೌಢಶಾಲೆಯಲ್ಲಿ ಕಟ್ಟಲಾಗದು, ಒಪ್ಪುತ್ತೇನೆ. ಆದರೆ ಈರುಳ್ಳಿ, ಉಪ್ಪು, ಸಾಬೂನಿನ ನೀರು, ತಣ್ಣನೆಯ ಸ್ಪಿರಿಟ್ಟು ಇದ್ದರೆ ಡಿ.ಎನ್.ಎ. ಬಿಳಿಯ ಎಳೆಗಳ ಗಂಟಾಗಿ ಗಾಜಿನ ನಳಿಕೆಯಲ್ಲಿ ತೇಲುತ್ತದೆ. ಮಹಾದ್ವಾರಕ್ಕೂ ಸಭಾಭವನಕ್ಕೂ ಉದಾರವಾಗಿ ನೀಡಿದ ದಾನಿಗಳು ಮುಂದಿನ ವರ್ಷ ಹತ್ತು ಸೂಕ್ಷ್ಮದರ್ಶಕಗಳನ್ನೂ, ಕನ್ನಡದಲ್ಲಿ ಅಚ್ಚಾದ ಒಂದು ಪ್ರಯೋಗ ಕೈಪಿಡಿಯನ್ನೂ ದಯಪಾಲಿಸಲಿ. ಕೈಪಿಡಿಯ ಭಾಷೆಯನ್ನು ತಿದ್ದಿಕೊಡುವ ಹೊಣೆ ನನಗಿರಲಿ.